ಕರೆಂಟಿನ ಹಿಂದೆ ಬಂದ ಹಸಿರು

ನಾನು ಇತಿಹಾಸ ಓದಿದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಸರ್ಕಾರಿ ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿ, ಕುಮಟಾದಿಂದ ದುಬೈಗೆ ಬಂದು ಹನ್ನೊಂದು ವರ್ಷ ಆಯ್ತು. ಈ ಸಲದ ಸಂಚಿಕೆಗೆ ಏನಾದರೂ ಬರಿ ಎಂದು ವೇದಿಕೆಯ ಹಿರಿಯರು ಹೇಳಿದಾಗ, ವೈರಿಂಗ್ ಬಗ್ಗೆ ಬರೀಲಾ ಅಂತ ಕೇಳಿದೆ. ಅವರು ನಕ್ಕುಬಿಟ್ಟರು. ಕೊನೆಗೆ ಬರೆಯಲು ಕೂತದ್ದು ಬ್ರೊಕೊಲಿ ಬಗ್ಗೆ. ಓದುಗರೂ ನಗಬಹುದು, ಆದರೆ ಇದರಲ್ಲಿ ವೈರಿಂಗೂ ಇದೆ, ಸ್ವಲ್ಪ ತಾಳ್ಮೆ ಇರಲಿ.

ಎರಡು ವರ್ಷದ ಹಿಂದೆ ಹಲ್ಲುಜ್ಜುವಾಗ ನನ್ನ ವಸಡಿನಲ್ಲಿ ರಕ್ತ ಬರಲು ಶುರುವಾಯಿತು. ಬ್ರಷ್ ಗಟ್ಟಿ ಇರಬೇಕು ಅಂತ ಬದಲಾಯಿಸಿದೆ. ನಿಲ್ಲಲಿಲ್ಲ. ಸೈಟಿನಲ್ಲಿ ಕೈಗೆ ಆದ ಸಣ್ಣ ಗಾಯಗಳೂ ಬೇಗ ಮಾಯುತ್ತಿರಲಿಲ್ಲ. ಕ್ಲಿನಿಕ್ಕಿನ ಡಾಕ್ಟರಮ್ಮ ನೋಡಿ, ವಸಡು ಕ್ಲೀನ್ ಮಾಡಿಸಬೇಕು ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, "ದಿನಾ ಏನು ತಿಂತೀರಿ?" ಅಂತ ಕೇಳಿದರು. ಹೇಳಿದೆ: ಬೆಳಿಗ್ಗೆ ಪರೋಟ, ಚಾ. ಮಧ್ಯಾಹ್ನ ಮೆಸ್ಸಿನ ಅನ್ನ, ಕೋಳಿ ಸಾರು. ರಾತ್ರಿ ಖುಬ್ಬೂಸ್, ದಾಲ್, ಒಂದೊಂದು ದಿನ ಮೊಟ್ಟೆ. "ಹಸಿರು?" ಅಂದರು. ನಾನು ಯೋಚಿಸಿದೆ. ಸಾರಿನ ಮೇಲೆ ಉದುರಿಸುವ ಕೊತ್ತಂಬರಿ ಬಿಟ್ಟರೆ ಏನೂ ನೆನಪಾಗಲಿಲ್ಲ. "ಬ್ರೊಕೊಲಿ ತಿನ್ನಿ, ಸೊಪ್ಪು ತಿನ್ನಿ, ನಿಂಬೆಹಣ್ಣು ಹಿಂಡಿಕೊಳ್ಳಿ. ವಿಟಮಿನ್ ಸಿ ಕಡಿಮೆಯಾದರೂ ಹೀಗಾಗ್ತದೆ" ಎಂದರು.

ಬ್ರೊಕೊಲಿ ನನಗೆ ಗೊತ್ತಿತ್ತು. ತಿಂದು ಅಲ್ಲ, ಬೈಗುಳ ತಿಂದು. ಬಂದ ಹೊಸದರಲ್ಲಿ ಒಂದು ತರಕಾರಿ ಕೋಲ್ಡ್ ಸ್ಟೋರಿನ ಮೇಂಟೆನೆನ್ಸ್ ಕೆಲಸ ನನಗೆ ಬಿದ್ದಿತ್ತು. ಒಂದು ಜುಲೈ ರಾತ್ರಿ ಒಂದು ರೂಮಿನ ಕಂಪ್ರೆಸರಿನ ಕಾಂಟ್ಯಾಕ್ಟರ್ ಸುಟ್ಟುಹೋಯಿತು. ಅಲಾರಂ ಕೆಟ್ಟಿದ್ದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ರಜೆಯ ಎರಡು ದಿನ ಕಳೆದಿತ್ತು. ಆ ರೂಮಿನ ಕ್ಯಾರೆಟ್ ಚೆನ್ನಾಗೇ ಇತ್ತು, ಎಲೆಕೋಸಿನ ಮೇಲಿನ ಎರಡು ಎಲೆ ತೆಗೆದರೆ ಸಾಕಿತ್ತು. ಬ್ರೊಕೊಲಿ ಮಾತ್ರ ಪೆಟ್ಟಿಗೆ ಪೆಟ್ಟಿಗೆಯೇ ಹಳದಿಯಾಗಿ ವಾಸನೆ ಹೊಡೆಯುತ್ತಿತ್ತು. ಸ್ಟೋರ್ ಕೀಪರ್ ಒಬ್ಬ ಮುದುಕ, ಬೈದು ಸುಸ್ತಾದ ಮೇಲೆ ತಾನೇ ವಿವರಿಸಿದ. ಬ್ರೊಕೊಲಿ ಅಂದರೆ ಕಾಯಿಯಲ್ಲ, ಎಲೆಯಲ್ಲ, ಅರಳದ ಮೊಗ್ಗುಗಳ ಗೊಂಚಲು. ಕೊಯ್ದ ಮೇಲೂ ಅದು ಜೋರಾಗಿ ಉಸಿರಾಡುತ್ತದೆ. ಸೊನ್ನೆ ಡಿಗ್ರಿ ಹತ್ತಿರ ಇಟ್ಟರೆ ಎರಡು ಮೂರು ವಾರ ಬರುತ್ತದೆ, ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಅರಳಲು ಹೊರಟು ಹಳದಿಯಾಗುತ್ತದೆ.

ಡಾಕ್ಟರಮ್ಮನ ಮಾತು ಕೇಳಿದ ದಿನ ನನಗೆ ಆ ರೂಮು ನೆನಪಾಯಿತು. ಕರೆಂಟು ಎರಡು ದಿನ ಹೋದರೆ ಇಲ್ಲದಂತಾಗುವ ತರಕಾರಿ ಈ ಊರಿಗೆ ಬಂದದ್ದು ಯಾವಾಗ? ಅದಕ್ಕೂ ಮುಂಚೆ ಇಲ್ಲಿನ ಜನ ಹಸಿರಿಗೆ ಏನು ಮಾಡುತ್ತಿದ್ದರು? ಅಲ್ಲಿಂದ ನನ್ನ ಓದು ಶುರುವಾಯಿತು. ರಜೆಯ ದಿನ, ಬಸ್ಸಿನಲ್ಲಿ, ಬೇಸಿಗೆಯಲ್ಲಿ ಸೈಟಿನ ಮಧ್ಯಾಹ್ನದ ಬಿಡುವಿನಲ್ಲಿ ಓದಿದ್ದನ್ನು ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ನೂರು ವರ್ಷದ ಹಿಂದೆ ಈ ಕರಾವಳಿಯ ಮುಖ್ಯ ದುಡಿಮೆ ಮುತ್ತು. ಬೇಸಿಗೆಯ ನಾಲ್ಕು ತಿಂಗಳು, ಜೂನಿನಿಂದ ಸೆಪ್ಟೆಂಬರ್‌ವರೆಗೆ, ದೊಡ್ಡ ಸೀಸನ್. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿದು ಚಿಪ್ಪು ಆರಿಸಿ ಮೇಲೆ ಬರುವುದು, ದಿನಕ್ಕೆ ಹತ್ತಾರು ಸಲ. ದೋಣಿಯಲ್ಲಿ ತಿನ್ನಲು ಖರ್ಜೂರ, ಅನ್ನ, ಮೀನು. ಕುಡಿಯುವ ನೀರೂ ಅಳತೆಯಲ್ಲಿ. ವಾರಗಟ್ಟಲೆ ಸಮುದ್ರದ ಮೇಲಿದ್ದವರ ಕಾಯಿಲೆಗಳಲ್ಲಿ ಕಿವಿ, ಕಣ್ಣು, ಚರ್ಮದ ಹುಣ್ಣುಗಳ ಜೊತೆಗೆ ಸ್ಕರ್ವಿಯೂ ಇತ್ತು. ಸ್ಕರ್ವಿ ಅಂದರೆ ವಿಟಮಿನ್ ಸಿ ಇಲ್ಲದೆ ವಸಡು ಬಾತು ರಕ್ತ ಸೋರುವುದು, ಗಾಯ ಮಾಯದಿರುವುದು, ಮೈಯಲ್ಲಿ ಶಕ್ತಿ ಇಲ್ಲದಾಗುವುದು. ಇದನ್ನು ಓದಿದಾಗ ನಾನು ನಾಲಿಗೆಯಿಂದ ನನ್ನ ವಸಡು ಮುಟ್ಟಿ ನೋಡಿಕೊಂಡೆ. ಸುಳ್ಳು ಹೇಳುವುದಿಲ್ಲ, ಹೆದರಿಕೆಯಾಯಿತು.

ಆ ಮುಳುಗುಗಾರರ ಲೆಕ್ಕವೂ ನಮಗೆ ಗುರುತಿನದೇ. ಸೀಸನ್ ಮೊದಲು ದೋಣಿಯ ನಾಖುದಾ ಮುಂಗಡ ಕೊಡುತ್ತಿದ್ದ, ಮನೆಯವರು ಅದರಲ್ಲಿ ಬದುಕಬೇಕು. ಮುತ್ತು ಕಡಿಮೆ ಸಿಕ್ಕರೆ ಸಾಲ ಮುಂದಿನ ವರ್ಷಕ್ಕೆ. ಎಷ್ಟೋ ಕಡೆ ಅಪ್ಪನ ಸಾಲ ಮಗನ ತಲೆಗೆ. ಏಜೆಂಟಿಗೆ ಬಡ್ಡಿ ಸಾಲ ಮಾಡಿ ದುಡ್ಡು ಕಟ್ಟಿ ಬಂದ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ತಿಂದ ಅಕ್ಕಿ ಇಲ್ಲಿನದಲ್ಲ. ಅಕ್ಕಿ ಸಮುದ್ರ ದಾಟಿಯೇ ಬರಬೇಕು. ಇದರಲ್ಲಿ ನಮ್ಮ ಕರಾವಳಿಯ ಪಾಲು ಹಳೆಯದು. ಪೋರ್ಚುಗೀಸರ ಕಾಲದಲ್ಲೇ, 16 ಮತ್ತು 17ನೇ ಶತಮಾನದಲ್ಲಿ, ಬಸ್ರೂರು, ಮಂಗಳೂರು ಬಂದರುಗಳಿಂದ ಕೆನರಾದ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು. ಅಕ್ಕಿ ಬಂತು, ಮೆಣಸು ಬಂತು, ಮರ ಬಂತು, ಮುಂದೆ ಮಂಗಳೂರು ಹೆಂಚೂ ಈ ಕೊಲ್ಲಿಯ ಕಡೆ ಬಂತು. ಸೊಪ್ಪು ಬರಲಿಲ್ಲ. ಒಣಗಿದ್ದು ಹಾಯಿ ಹಡಗಿನಲ್ಲಿ ಬರುತ್ತದೆ, ಹಸಿ ಇದ್ದದ್ದು ಎರಡನೇ ದಿನಕ್ಕೆ ಕೊಳೆಯುತ್ತದೆ. ನಮ್ಮೂರ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತರುವ ಕೆಂಪು ಹರಿವೆ, ಬಸಳೆ ಸಂಜೆಗೆ ಬಾಡಿರುತ್ತದೆ. ಅದು ಅರಬ್ಬಿ ಸಮುದ್ರ ದಾಟುವುದೆಲ್ಲಿ ಬಂತು!

ಹಾಗಂತ ಈ ನೆಲದಲ್ಲಿ ಹಸಿರೇ ಇರಲಿಲ್ಲ ಅಂದರೆ ತಪ್ಪಾಗುತ್ತದೆ. ಅಲ್ ಐನ್‌ನಲ್ಲಿ ಸುಮಾರು 3000 ವರ್ಷದಷ್ಟು ಹಳೆಯ ಫಲಜ್‌ಗಳಿವೆ. ಬೆಟ್ಟದ ಬುಡದ ಅಂತರ್ಜಲವನ್ನು ಸುರಂಗದಲ್ಲಿ, ಬರೀ ಇಳಿಜಾರಿನ ಲೆಕ್ಕದ ಮೇಲೆ, ಪಂಪಿಲ್ಲದೆ ತೋಟಕ್ಕೆ ತರುವ ಕಾಲುವೆ ಅದು. ಎಷ್ಟು ದೂರಕ್ಕೆ ಎಷ್ಟು ಇಳಿಜಾರು ಕೊಡಬೇಕು ಅಂತ ಅವರಿಗೆ ಹೇಗೆ ಗೊತ್ತಾಯಿತೋ. ಕಾಂಡ್ಯುಯಿಟ್ ಪೈಪ್ ಹಾಕುವ ನಮಗೆ ಲೇಸರ್ ಲೆವೆಲ್ ಇದ್ದರೂ ತಪ್ಪುತ್ತದೆ. ಖರ್ಜೂರದ ನೆರಳಿನ ಕೆಳಗೆ ನಿಂಬೆ, ಮಾವು, ದನಕ್ಕೆ ಕುದುರೆಮೆಂತೆ. 2011ರಲ್ಲಿ ಯುನೆಸ್ಕೊ ಅಲ್ ಐನ್‌ನ ಈ ತೋಟಗಳನ್ನೂ ಫಲಜ್‌ಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶೇಖ್ ಜಾಯೆದ್ 1946ರಲ್ಲಿ ಅಲ್ ಐನ್‌ನ ಆಡಳಿತಕ್ಕೆ ಬಂದಾಗ ಕೈಹಾಕಿದ ಮೊದಲ ಕೆಲಸಗಳಲ್ಲಿ ಒಂದು ಹೂಳು ತುಂಬಿದ ಫಲಜ್‌ಗಳನ್ನು ತೋಡಿಸಿದ್ದು, ನೀರಿನ ಹಂಚಿಕೆಯ ನಿಯಮ ಬದಲಿಸಿದ್ದು. ಆದರೆ ಅಲ್ ಐನ್ ಒಳನಾಡು. ದುಬೈ, ಅಬುಧಾಬಿಯ ದಡದಲ್ಲಿದ್ದವರಿಗೆ ಒಂಟೆಯ ಮೇಲೆ ದಿನಗಟ್ಟಲೆ ದಾರಿ. ಅಲ್ಲಿಂದ ಬರುತ್ತಿದ್ದದ್ದೂ ಬಹುಪಾಲು ಖರ್ಜೂರವೇ.

ತರಕಾರಿ ಬೆಳೆಯಲೆಂದೇ ಒಂದು ಪ್ರಯೋಗ ಕೇಂದ್ರ ಶುರುವಾದದ್ದು 1955ರಲ್ಲಿ, ರಾಸ್ ಅಲ್ ಖೈಮಾದ ದಿಗ್‌ದಗ್ಗಾದಲ್ಲಿ. ಆಗ ಇದಿನ್ನೂ ಬ್ರಿಟಿಷರ ರಕ್ಷಣೆಯಲ್ಲಿದ್ದ ಟ್ರೂಶಿಯಲ್ ಸ್ಟೇಟ್ಸ್, ದೇಶ ಒಂದಾಗಲು ಹದಿನಾರು ವರ್ಷ ಬಾಕಿ. ಯಾವ ಬೀಜ ಈ ಉಪ್ಪು ನೆಲದಲ್ಲಿ, ಈ ಬಿಸಿಲಲ್ಲಿ ಬದುಕುತ್ತದೆ ಅಂತ ನೆಟ್ಟು ನೋಡುವ ಕೆಲಸ ಅಲ್ಲಿ ನಡೆಯಿತು. ಇಲ್ಲಿ ಚಳಿಗಾಲವೇ ತರಕಾರಿಯ ಕಾಲ ಅನ್ನುವುದು ಇಂದಿಗೂ ಬದಲಾಗಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಂಗಡಿಯಲ್ಲಿ ಲೋಕಲ್ ಅಂತ ಚೀಟಿ ಅಂಟಿಸಿದ ಹೂಕೋಸು, ಎಲೆಕೋಸು, ಬ್ರೊಕೊಲಿ ಸಿಗುತ್ತದೆ. ಜುಲೈಯಲ್ಲಿ ಬರುವುದೆಲ್ಲ ಹೊರಗಿನದು.

ಆಮೇಲೆ ಬಂತು ನಮ್ಮ ಕಸುಬು. 1959ರಲ್ಲಿ ದುಬೈ ಇಲೆಕ್ಟ್ರಿಸಿಟಿ ಕಂಪನಿ ಹುಟ್ಟಿ, 1961ರಲ್ಲಿ ಕರೆಂಟು ಹರಿಯಲು ಶುರುವಾಯಿತು. ಅಬುಧಾಬಿಯಿಂದ ಮೊದಲ ತೈಲ ಹಡಗು ಹೊರಟದ್ದು 1962ರಲ್ಲಿ, ದುಬೈಯಿಂದ 1969ರಲ್ಲಿ. ಎಣ್ಣೆ ಬಂತು, ಎಣ್ಣೆಯಿಂದ ಕರೆಂಟು ಬಂತು, ಕರೆಂಟಿನಿಂದ ತಂಪೂ ಸಿಹಿನೀರೂ ಬಂದವು. ಹಸಿರು ಇವೆರಡರ ಹಿಂದೆಯೇ ಬಂತು.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವ ಜಾಗ ಅಬುಧಾಬಿಯ ಸಾದಿಯಾತ್ ದ್ವೀಪ. ಈಗ ಅಲ್ಲಿ 2017ರಲ್ಲಿ ತೆರೆದ ಲೂವ್ರ್ ಅಬುಧಾಬಿ ಮ್ಯೂಸಿಯಂ, ಹೋಟೆಲುಗಳು, ವಿಲ್ಲಾಗಳು. ಅಲ್ಲಿನ ಒಂದು ವಿಲ್ಲಾ ಸೈಟಿನಲ್ಲಿ ನಾನು ಏಳು ತಿಂಗಳು ಕೇಬಲ್ ಎಳೆದಿದ್ದೇನೆ. ಆ ಮರಳಿನ ಕಥೆ ಆಗ ಗೊತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅದು ಬರೀ ಮರಳಿನ ದ್ವೀಪ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಕಾರ್ಲ್ ಹಾಡ್ಜಸ್ ಮತ್ತು ಅವರ ತಂಡ ಶೇಖ್ ಜಾಯೆದ್ ಅವರ ಬೆಂಬಲದಲ್ಲಿ ಅಲ್ಲಿ ಒಂದು ಸಂಶೋಧನಾ ಕೇಂದ್ರ ಕಟ್ಟಿತು. ಅದರ ಲೆಕ್ಕ ಕೇಳಿದರೆ ಎಲೆಕ್ಟ್ರಿಷಿಯನ್ ಆದವನಿಗೆ ಖುಷಿಯಾಗಬೇಕು. ಡೀಸೆಲ್ ಜನರೇಟರ್ ಓಡುವಾಗ ಸುಡುವ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಶಕ್ತಿ ಬಿಸಿಯಾಗಿ ಹೋಗುತ್ತದೆ. ಸೈಟಿನ ಜನರೇಟರ್ ಪಕ್ಕ ಐದು ನಿಮಿಷ ನಿಂತವರಿಗೆ ಗೊತ್ತು. ಆ ವೇಸ್ಟ್ ಬಿಸಿಯಿಂದ ಅವರು ಸಮುದ್ರದ ನೀರು ಕಾಯಿಸಿ ಆವಿ ಮಾಡಿ ಸಿಹಿನೀರು ತೆಗೆದರು. ಅದೇ ಜನರೇಟರಿನ ಕರೆಂಟಿನಿಂದ ಗಾಳಿ ತುಂಬಿ ಪ್ಲಾಸ್ಟಿಕ್ಕಿನ ಗ್ರೀನ್‌ಹೌಸ್‌ಗಳನ್ನು ನಿಲ್ಲಿಸಿದರು. ಒಳಗಿನ ಸೆಕೆ ಕಡಿಮೆ ಮಾಡಲು ಉಪ್ಪುನೀರನ್ನೇ ಸುರಿಸಿ ಅದರ ಮೂಲಕ ಗಾಳಿ ಹಾಯಿಸಿದರು, ನಮ್ಮ ಕಡೆಯ ಕೂಲರ್ ಇದೆಯಲ್ಲ ಹಾಗೆ. ಗಿಡದ ಬುಡದ ಮರಳಿಗೆ ಸಿಹಿನೀರು ಹನಿ ಹನಿ. ಟೊಮೆಟೊ, ಸೌತೆಕಾಯಿ ಬೆಳೆದವು. ಒಂದೇ ಇಂಜಿನ್ನಿನಿಂದ ಕರೆಂಟು, ನೀರು, ಊಟ. ಜನರೇಟರ್ ನಿಂತರೆ ಗ್ರೀನ್‌ಹೌಸ್ ಕೂಡ ಬಲೂನಿನ ಹಾಗೆ ಕುಸಿಯುತ್ತದೆ ಅನ್ನುವುದು ಬೇರೆ ಮಾತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿರುವವರಿಗೆ ಗೊತ್ತಿರುವುದೇ. ದೇರಾದ ಹಮ್ರಿಯಾ ತರಕಾರಿ ಮಾರುಕಟ್ಟೆ 2004ರಲ್ಲಿ ಅಲ್ ಅವೀರ್‌ಗೆ ಹೋಯಿತು. 2018ರಲ್ಲಿ ಸರ್ಕಾರ 2051ರವರೆಗಿನ ಆಹಾರ ಭದ್ರತೆಯ ಯೋಜನೆ ಹೊರಡಿಸಿತು. 2022ರ ಜುಲೈಯಲ್ಲಿ ದುಬೈಯ ಅಲ್ ಮಕ್ತೂಮ್ ವಿಮಾನ ನಿಲ್ದಾಣದ ಹತ್ತಿರ ಬುಸ್ತಾನಿಕಾ ಎಂಬ ವರ್ಟಿಕಲ್ ಫಾರ್ಮ್ ಶುರುವಾಯಿತು. ಮಣ್ಣಿಲ್ಲ, ಬಿಸಿಲಿಲ್ಲ. 3,30,000 ಚದರ ಅಡಿ ಕಟ್ಟಡದೊಳಗೆ ಎಲ್‌ಇಡಿ ಬೆಳಕಿನ ಕೆಳಗೆ ವರ್ಷಕ್ಕೆ ಹತ್ತು ಲಕ್ಷ ಕಿಲೋ ಸೊಪ್ಪು ಬೆಳೆಯುವ ಲೆಕ್ಕ, ನೀರು ಹೊಲಕ್ಕಿಂತ ಶೇಕಡಾ 95ರಷ್ಟು ಕಡಿಮೆ ಅನ್ನುತ್ತಾರೆ. ಅಲ್ಲಿಗೆ ಸೂರ್ಯನ ಕೆಲಸವನ್ನೂ ನಮ್ಮ ಕಸುಬಿನವರಿಗೇ ಕೊಟ್ಟಂತಾಯಿತು.

ಈಗ ಬ್ರೊಕೊಲಿಯ ಕಥೆ. ಇದು ಎಲೆಕೋಸು, ಹೂಕೋಸು, ನವಿಲುಕೋಸಿನ ಒಡಹುಟ್ಟು. ಎಲ್ಲವೂ ಯುರೋಪಿನ ಸಮುದ್ರ ತೀರದ ಒಂದೇ ಕಾಡುಗಿಡದಿಂದ ಬಂದವು, ಜನ ಎಲೆಗೆ, ಹೂವಿಗೆ, ದಂಟಿಗೆ ಅಂತ ಆರಿಸಿ ಆರಿಸಿ ಬೇರೆ ಮಾಡಿದರು. ಬ್ರೊಕೊಲಿಯನ್ನು ಸಾಕಿದ್ದು ಇಟಲಿಯವರು, ಹೆಸರೂ ಅವರದೇ, ಚಿಗುರು ಎಂಬ ಅರ್ಥ. ಇಂಗ್ಲೆಂಡಿನಲ್ಲಿ 1724ರ ತೋಟಗಾರಿಕೆ ನಿಘಂಟೊಂದು ಇದನ್ನು ಹೊಸ ವಸ್ತುವಿನ ಹಾಗೆ ವಿವರಿಸುತ್ತದೆ. ಅಮೆರಿಕದಲ್ಲಿ ಥಾಮಸ್ ಜೆಫರ್ಸನ್ ತನ್ನ ತೋಟದ ಪುಸ್ತಕದಲ್ಲಿ 1767ರಲ್ಲೇ ಬ್ರೊಕೊಲಿ ನೆಟ್ಟದ್ದು ಬರೆದಿದ್ದಾನೆ. ಆದರೂ ಅದು ಅಲ್ಲಿನ ಸಾಮಾನ್ಯರ ಅಡುಗೆಮನೆಗೆ ಬಂದದ್ದು 1920ರ ದಶಕದಲ್ಲಿ. ತಂದವರು ಸಿಸಿಲಿಯಿಂದ ದುಡಿಯಲು ಹೋದ ಡಿ'ಅರಿಗೊ ಅಣ್ಣತಮ್ಮಂದಿರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಬೆಳೆದು, ಐಸು ಹಾಕಿ, ರೈಲಿನಲ್ಲಿ ದೇಶದ ಆ ತುದಿಯ ಬೋಸ್ಟನ್‌ಗೆ ಕಳಿಸಿದರು. ಅಲ್ಲಿ ಕೊಂಡು ತಿಂದವರಲ್ಲಿ ಇಟಲಿಯಿಂದ ಬಂದ ಅವರದೇ ಜನ ಬಹಳ. ಊರಿನ ತರಕಾರಿ ನೆನೆದು ತಿನ್ನುವವರು ಎಲ್ಲ ದೇಶದಲ್ಲೂ ಇದ್ದರು ಅಂತ ಓದಿ ನನಗೆ ಸಮಾಧಾನವಾಯಿತು. 1990ರಲ್ಲಿ ಅಮೆರಿಕದ ಅಧ್ಯಕ್ಷ ದೊಡ್ಡ ಬುಷ್, ನಾನು ಅಧ್ಯಕ್ಷ, ಇನ್ನು ಬ್ರೊಕೊಲಿ ತಿನ್ನೋದಿಲ್ಲ ಎಂದಾಗ ರೈತರು ಲೋಡುಗಟ್ಟಲೆ ಬ್ರೊಕೊಲಿ ವಾಷಿಂಗ್ಟನ್‌ಗೆ ಕಳಿಸಿದ್ದೂ ಇದೆ.

ಎರಡು ವರ್ಷದ ನಂತರ, 1992ರಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೇ ತಂಡ ಬ್ರೊಕೊಲಿಯಿಂದ ಸಲ್ಫೊರಾಫೇನ್ ಎಂಬ ಅಂಶ ಬೇರ್ಪಡಿಸಿತು. ಮೈಯೊಳಗಿನ ವಿಷ ತೊಳೆಯುವ ಕಿಣ್ವಗಳನ್ನು ಅದು ಎಬ್ಬಿಸುತ್ತದೆ. ಇವತ್ತು ಬ್ರೊಕೊಲಿಗೆ ಇರುವ ಹೆಸರಿಗೆ ಇದು ದೊಡ್ಡ ಕಾರಣ. ಕ್ಯಾನ್ಸರ್ ಬರೋದೇ ಇಲ್ಲ, ಶುಗರ್ ಹೋಗ್ತದೆ ಅಂತ ವಾಟ್ಸಾಪಿನಲ್ಲಿ ಬರುವುದನ್ನು ಮಾತ್ರ ನಂಬಬೇಡಿ. ಮನುಷ್ಯರ ಮೇಲಿನ ಪರೀಕ್ಷೆಗಳು ಅಷ್ಟು ದೂರ ಹೋಗಿಲ್ಲ. ಗಟ್ಟಿಯಾಗಿ ಹೇಳಬಹುದಾದ್ದು ಇಷ್ಟು: 100 ಗ್ರಾಂ ಹಸಿ ಬ್ರೊಕೊಲಿಯಲ್ಲಿ ಸುಮಾರು 89 ಮಿಲಿಗ್ರಾಂ ವಿಟಮಿನ್ ಸಿ ಇದೆ, ಒಬ್ಬ ಗಂಡಸಿಗೆ ಒಂದು ದಿನಕ್ಕೆ ಅಷ್ಟು ಸಾಕು. ನಾರಿನಂಶ ಎರಡೂವರೆ ಗ್ರಾಂ, ಫೋಲೇಟ್, ವಿಟಮಿನ್ ಕೆ ಚೆನ್ನಾಗಿದೆ, ಕ್ಯಾಲೊರಿ ಬರೀ 34. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಒಮ್ಮೆಲೇ ಹೆಚ್ಚು ತಿನ್ನಬಾರದು, ಆ ವಿಟಮಿನ್ ಕೆ ಕಾರಣದಿಂದ.

ಬೇಯಿಸುವುದರಲ್ಲೇ ನಾವು ಕೆಡಿಸುವುದು. ಸಲ್ಫೊರಾಫೇನ್ ಗಿಡದಲ್ಲಿ ಸಿದ್ಧವಾಗಿ ಇರುವುದಿಲ್ಲ. ಕೇಬಲ್ ಜಾಯಿಂಟಿಗೆ ಹಾಕುವ ರೆಸಿನ್ ಮತ್ತು ಹಾರ್ಡನರ್ ಬೇರೆ ಬೇರೆ ಚೀಲದಲ್ಲಿ ಬರುವಂತೆ ಎರಡು ವಸ್ತು ಬೇರೆ ಬೇರೆ ಇರುತ್ತವೆ, ಕತ್ತರಿಸಿದಾಗ, ಅಗಿದಾಗ ಸೇರುತ್ತವೆ. ಹಾರ್ಡನರ್ ಕೆಲಸ ಮಾಡುವ ಕಿಣ್ವ ಜಾಸ್ತಿ ಬಿಸಿಗೆ ಸಾಯುತ್ತದೆ. ನಮ್ಮ ಮೆಸ್ಸಿನ ಹಾಗೆ ಅರ್ಧ ಗಂಟೆ ಕುದಿಸಿದರೆ ಅದೂ ಹೋಯಿತು, ವಿಟಮಿನ್ ಸಿಯೂ ನೀರಿಗೆ ಹೋಯಿತು. ಕತ್ತರಿಸಿ ಸ್ವಲ್ಪ ಹೊತ್ತು ಬಿಟ್ಟು, ಮೂರು ನಾಲ್ಕು ನಿಮಿಷ ಆವಿಯಲ್ಲಿ ಬೇಯಿಸಬೇಕು. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಇನ್ನೊಂದು ದಾರಿ ತೋರಿಸಿದರು: ಬೆಂದ ಬ್ರೊಕೊಲಿಗೆ ಹಸಿ ಸಾಸಿವೆ ಪುಡಿ ಸೇರಿಸಿದರೆ ಸಾಸಿವೆಯಲ್ಲಿರುವ ಅದೇ ಕಿಣ್ವ ಸತ್ತದ್ದರ ಜಾಗದಲ್ಲಿ ಕೆಲಸ ಮಾಡುತ್ತದೆ. ಇದನ್ನು ಓದಿ ನಾನು ಹಾಸಿಗೆಯಿಂದ ಎದ್ದು ಕೂತೆ. ಒಗ್ಗರಣೆಯ ಸಾಸಿವೆ ಅಲ್ಲ, ಅದು ಎಣ್ಣೆಯಲ್ಲಿ ಸಿಡಿದು ಸತ್ತಿರುತ್ತದೆ. ಕಾಯಿತುರಿಯ ಜೊತೆ ಹಸಿ ಸಾಸಿವೆ ಅರೆದು ಮೊಸರಿಗೆ ಬೆರೆಸಿ ನಮ್ಮ ಕಡೆ ಮಾಡುವ ಸಾಸಿವೆ ಇದೆಯಲ್ಲ, ಅದು! ಆಯಿಗೆ ಫೋನ್ ಮಾಡಿ ಹೇಳಿದೆ. "ಅದಕ್ಕೆ ಇಂಗ್ಲೆಂಡಿನವರು ಯಾಕೆ ಬೇಕಿತ್ತು ತಮಾ?" ಅಂದಳು.

ಬ್ರೊಕೊಲಿ ಸಾಸಿವೆ ಮಾಡಿದೆ. ಚೆನ್ನಾಗಿತ್ತು. ಆದರೆ ನಮ್ಮ ಅಂಗಡಿಯಲ್ಲಿ ಆಫರ್ ಇಲ್ಲದ ದಿನ ಕಿಲೋಗೆ ಹತ್ತು ಹನ್ನೆರಡು ದಿರ್ಹಮ್. ಊಟದ ಅಲವೆನ್ಸಿನಲ್ಲೂ ಉಳಿಸಿ ಊರಿಗೆ ಕಳಿಸುವ ರೂಮು ನಮ್ಮದು. ಎಂಟು ಜನರಿಗೆ ದಿನಾ ಬ್ರೊಕೊಲಿ ಆಗದ ಮಾತು. ಆಗ ಗ್ರೋಸರಿಯ ಕೆಳಗಿನ ಕಪಾಟಿನಲ್ಲಿ ಕಂಡದ್ದು ಜರ್ಜೀರ್. ಅರಬ್ಬರು ಮೀನಿನ ಜೊತೆ ಹಸಿಯಾಗಿ ತಿನ್ನುವ ಸೊಪ್ಪು, ಕಟ್ಟಿಗೆ ಒಂದೆರಡು ದಿರ್ಹಮ್. ಸ್ವಲ್ಪ ಕಹಿ, ಸಾಸಿವೆಯ ಘಾಟು. ಅದೂ ಸಾಸಿವೆ ಮನೆತನದ್ದೇ, ಬ್ರೊಕೊಲಿಯ ದಾಯಾದಿ. ವಿಟಮಿನ್ ಸಿ ಬ್ರೊಕೊಲಿಗಿಂತ ಕಡಿಮೆ, ಅದಕ್ಕೆ ನಿಂಬೆ ಇದೆ. ಕ್ಯಾಲ್ಸಿಯಂ 100 ಗ್ರಾಮಿಗೆ 160 ಮಿಲಿಗ್ರಾಂ, ಬ್ರೊಕೊಲಿಯಲ್ಲಿ 47. ಮೂಲಂಗಿ, ಎಲೆಕೋಸು ಅದೇ ಮನೆತನ. ನುಗ್ಗೆಯೂ ದೂರದ ಸಂಬಂಧಿ. ನುಗ್ಗೆಯದೇ ಒಂದು ಜಾತಿ ಈ ದೇಶದ ಹಜರ್ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ. ನಮ್ಮ ನುಗ್ಗೆಸೊಪ್ಪಿನಲ್ಲಂತೂ ಕ್ಯಾಲ್ಸಿಯಂ, ಕಬ್ಬಿಣ ಬ್ರೊಕೊಲಿಗಿಂತ ಹಲವು ಪಟ್ಟು ಹೆಚ್ಚು.

ರೂಮಿನಲ್ಲಿ ತಲೆಗೆ ತಿಂಗಳಿಗೆ ಹತ್ತು ದಿರ್ಹಮ್ ಹಸಿರಿಗೆ ಅಂತ ತೆಗೆದಿಡೋಣ ಎಂದೆ. ಆರು ಜನ ಒಪ್ಪಿದರು. ಯಲಬುರ್ಗಾ ಕಡೆಯ ಹುಡುಗ ಒಪ್ಪಲಿಲ್ಲ. ಅವನದು ಏಜೆಂಟಿನ ಸಾಲ ಇನ್ನೂ ತೀರಿಲ್ಲ. "ಹತ್ತು ದಿರ್ಹಮ್ ಅಂದ್ರ ಇನ್ನೂರು ರೂಪಾಯಿಗಿಂತ ಜಾಸ್ತಿ ಆತಲ್ಲಣ್ಣ" ಅಂದ. ನನಗೂ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ನನ್ನ ಮೊದಲ ಎರಡು ವರ್ಷ ನಾನೂ ಹಾಗೇ ಇದ್ದವನು. ವಸಡಿನ ರಕ್ತ ಈಗ ನಿಂತಿದೆ. ಕ್ಲೀನಿಂಗಿನಿಂದಲೋ ಸೊಪ್ಪಿನಿಂದಲೋ, ಎರಡೂ ಒಟ್ಟಿಗೆ ಶುರುಮಾಡಿದ್ದರಿಂದ ಯಾವುದಕ್ಕೆ ಮಾರ್ಕು ಕೊಡಲಿ?

ಮೊದಲ ರಾತ್ರಿ ಜರ್ಜೀರ್ ಕಟ್ಟು ತೊಳೆದು ತಟ್ಟೆಯಲ್ಲಿಟ್ಟೆ. ಯಲಬುರ್ಗಾದವನು ದುಡ್ಡು ಕೊಟ್ಟಿಲ್ಲ ಅಂತ ಮುಟ್ಟಲು ಹಿಂಜರಿದ. ತಿನ್ನೋ ಮಾರಾಯ ಅಂದ ಮೇಲೆ ಒಂದು ಎಲೆ ಬಾಯಿಗಿಟ್ಟ. ಅಗಿದ. ಇನ್ನೊಂದು ತಗೊಂಡ.

"ಅಣ್ಣಾ, ಇದು ನಮ್ಮ ಹಕ್ಕರಕಿ ಇದ್ದಂಗ ಐತಿ ನೋಡ್ರಿ" ಅಂದ. ಅವರ ಕಡೆ ರೊಟ್ಟಿ ಜೊತೆ ಹಸಿಯಾಗೇ ತಿನ್ನುವ ಸೊಪ್ಪು. ಆಮೇಲೆ ಎದ್ದುಹೋಗಿ ತನ್ನ ಪೆಟ್ಟಿಗೆಯಿಂದ ಅವ್ವ ಕಳಿಸಿದ ಶೇಂಗಾ ಚಟ್ನಿಯ ಡಬ್ಬಿ ತಂದು, ಖುಬ್ಬೂಸಿನೊಳಗೆ ಸೊಪ್ಪಿಟ್ಟು ಸುತ್ತಿ, ನಮಗೆಲ್ಲ ಒಂದೊಂದು ಚಮಚ ಚಟ್ನಿ ಹಾಕಿದ.